ನಾಯಿ ಮೇಷ್ಟ್ರ ಸೀಮೆಸುಣ್ಣ

ಅವರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುವುದು. ಓದಿದ್ದು ಏಳನೇ ಕ್ಲಾಸು, ಅದೂ ಒಂದೇ ಬೆಂಚಿನಲ್ಲಿ ಎರಡು ವರ್ಷ ಕೂತು. ಆದರೂ ಅಂಗಿಯ ಜೇಬಿನಲ್ಲಿ ಸದಾ ಒಂದು ತುಂಡು ಸೀಮೆಸುಣ್ಣ ಇರುತ್ತದೆ. ಹೆಗಲ ಚೀಲದಲ್ಲಿ ಒಂದು ಸ್ಟೀಲಿನ ಡಬ್ಬಿ, ಡಬ್ಬಿಯೊಳಗೆ ಬೇಯಿಸಿ ಕಡಲೆಕಾಳಿನಷ್ಟು ಸಣ್ಣಗೆ ಹೆಚ್ಚಿದ ಕೋಳಿ ಲಿವರ್. ಬಸ್ಸು ಎಷ್ಟೇ ತುಂಬಿರಲಿ, ಅವರ ಪಕ್ಕದ ಸೀಟು ಎರಡು ಸ್ಟಾಪಿನೊಳಗೆ ಖಾಲಿಯಾಗುತ್ತದೆ. ಜನ ಮೂಗು ಮುಚ್ಚಿಕೊಳ್ಳುವ ಈ ವಾಸನೆ ಅವರ ಶಿಷ್ಯರಿಗೆ ಮಾತ್ರ ಪರಮಾನಂದ. ಶಿಷ್ಯರೆಂದರೆ ನಾಯಿಗಳು, ಅದರಲ್ಲೂ ಕಚ್ಚುವ ನಾಯಿಗಳು. ಕೂರು, ಏಳು, ಕೈ ಕೊಡು ಎಂದು ಕಲಿಸುವವರು ಬೇರೆ ಇದ್ದಾರೆ. ಎಲ್ಲರೂ ಕೈಚೆಲ್ಲಿದ ಮೇಲೆ, ಇನ್ನು ಇದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದು ಗಂಡ ಹೆಂಡಿರ ನಡುವೆ ಜಗಳ ಹತ್ತಿದ ಮೇಲೆ ಮೇಷ್ಟ್ರಿಗೆ ಫೋನು ಬರುತ್ತದೆ.

ಅವರ ಪಾಠದಲ್ಲಿ ನೋಡುವಂಥದ್ದೇನೂ ಇಲ್ಲ. ಮನೆಗೆ ಹೋದರೆ ನಾಯಿಯನ್ನು ನೋಡುವುದೇ ಇಲ್ಲ; ಮದುವೆ ಮನೆಯಲ್ಲಿ ಯಾರೂ ಮಾತಾಡಿಸದ ದೂರದ ನೆಂಟನ ಹಾಗೆ ಒಂದು ಮೂಲೆಯಲ್ಲಿ ಪಕ್ಕಕ್ಕೆ ತಿರುಗಿ ಕೂರುತ್ತಾರೆ. ನಾಯಿ ಊಟ ಮಾಡುವಾಗ ಮನೆಯವರಿಗೆ ನಿಧಾನವಾಗಿ ಅದರ ಕಡೆ ನಡೆಯಲು ಹೇಳುತ್ತಾರೆ. ಎಲ್ಲಿಗೆ ಬಂದಾಗ ನಾಯಿ ಅಗಿಯುವುದನ್ನು ನಿಲ್ಲಿಸುತ್ತದೋ ಅಲ್ಲಿ ನೆಲದ ಮೇಲೆ ಸೀಮೆಸುಣ್ಣದ ಒಂದು ಗೆರೆ. ಅವತ್ತು ಯಾರೂ ಆ ಗೆರೆ ದಾಟುವಂತಿಲ್ಲ. ಗೆರೆಯ ಈಚೆಯಿಂದ ಒಂದು ಚೂರು ಲಿವರ್ ಎಸೆಯುವುದು, ತಿರುಗಿ ಬರುವುದು. ಮತ್ತೆ ಹೋಗುವುದು, ಎಸೆಯುವುದು, ಬರುವುದು. ಮನುಷ್ಯ ಹತ್ತಿರ ಬಂದರೆ ಇರುವುದೂ ಹೋಗುತ್ತದೆ ಎಂದುಕೊಂಡಿದ್ದ ನಾಯಿಗೆ, ಹತ್ತಿರ ಬಂದರೆ ಇನ್ನಷ್ಟು ಸಿಗುತ್ತದೆ ಎಂದು ಹೊಟ್ಟೆಗೆ ಗೊತ್ತಾಗಬೇಕು. ಮರುದಿನ ಗೆರೆ ಒಂದು ಗೇಣು ಮುಂದೆ. ಗುರ್ ಎಂದರೆ ಎರಡು ಗೇಣು ಹಿಂದೆ. ಏನೋ ಮಂತ್ರ ಹಾಕುತ್ತಾರೆ ಎಂದು ಕಾದಿದ್ದ ಮನೆಯವರ ಮುಖ ಸಪ್ಪಗಾಗುತ್ತದೆ. ಇಷ್ಟೇನಾ ಎಂದು ಕೇಳುತ್ತಾರೆ. ಇಷ್ಟೇ, ಆದರೆ ದಿನಾ, ಎನ್ನುತ್ತಾರೆ ಮೇಷ್ಟ್ರು.

ಕಟ್ಟುನಿಟ್ಟು ಒಂದೇ ಒಂದು: ಗುರುಗುಟ್ಟಿದ ನಾಯಿಯನ್ನು ಗದರಿಸಬಾರದು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಯಾರಾದರೂ ಗಾದೆ ತೆಗೆದರೆ, ಆ ಗಾದೆ ಕಟ್ಟಿದವನಿಗೆ ಸರಿಯಾದ ನಾಯಿ ಸಿಕ್ಕಿರಲಿಲ್ಲ ಎನ್ನುತ್ತಾರೆ. ಬೊಗಳುವುದೂ ಕಚ್ಚಬಹುದು. ಆದರೆ ಗುರುಗುಟ್ಟುವುದಿದೆಯಲ್ಲ, ಅದು ಮರ್ಯಾದಸ್ಥ ನಾಯಿ. ಸ್ವಾಮಿ, ನನಗೆ ಕಷ್ಟವಾಗುತ್ತಿದೆ, ಸ್ವಲ್ಪ ದೂರ ನಿಲ್ಲಿ ಎಂದು ಬಾಯಿ ಬಿಟ್ಟು ಹೇಳುತ್ತಿದೆ. ಆ ಬಾಯಿ ಮುಚ್ಚಿಸಿದರೆ ಕಷ್ಟ ಹೋಗುವುದಿಲ್ಲ, ಹೇಳುವುದು ಮಾತ್ರ ಹೋಗುತ್ತದೆ.

ಇದು ಅವರಿಗೆ ಪುಸ್ತಕದಿಂದ ಬಂದ ಬುದ್ಧಿಯಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ ಬಂದದ್ದು.

ಹರೆಯದಿಂದ ನಲವತ್ತು ದಾಟುವವರೆಗೂ ಅವರು ರೈಲ್ವೆ ಗೂಡ್ಸ್ ಶೆಡ್ಡಿನ ಪಕ್ಕದ ಗೋದಾಮಿನಲ್ಲಿ ಕಾವಲುಗಾರರಾಗಿದ್ದರು. ಆರು ನಾಯಿಗಳು ಅವರ ಕೈಕೆಳಗೆ. ಹಿರಿಯ ಕಾವಲುಗಾರ ಕಲಿಸಿದ ವಿದ್ಯೆ ಕುತ್ತಿಗೆ ಬಿಗಿಯುವ ಚೈನು, ಸುರುಳಿ ಸುತ್ತಿದ ಪೇಪರು, ಮತ್ತು ಕಿವಿಯ ಮಟ್ಟಕ್ಕೆ ತೋರುಬೆರಳೆತ್ತಿ "ಸದ್ದು!" ಎನ್ನುವ ಒಂದು ಮಾತು. ಆ ಬೆರಳು ಎದ್ದರೆ ಆರು ನಾಯಿಗಳ ಗಂಟಲೂ ಗಪ್‌ಚಿಪ್. ಮೇಷ್ಟ್ರಿಗೆ ಆಗ ತಮ್ಮ ಬೆರಳಿನ ಮೇಲೆ ಬಹಳ ಹೆಮ್ಮೆ.

ಅವರಿಗೆ ಮಕ್ಕಳಾಗಲಿಲ್ಲ. ಎರಡು ಬೀದಿ ಆಚೆ ಅಕ್ಕನ ಮನೆ. ಭಾವ ಹಡಗಿನ ಕೆಲಸದವರು, ವರ್ಷದಲ್ಲಿ ಒಂದು ತಿಂಗಳು ಊರಲ್ಲಿದ್ದರೆ ಹೆಚ್ಚು. ಹಾಗಾಗಿ ಅಕ್ಕನ ಮಗಳು ಬೆಳೆದದ್ದು ಮಾವನ ಹೆಗಲ ಮೇಲೆ. ಬಾಯಿ ಬಿಟ್ಟರೆ ನಿಲ್ಲುತ್ತಿರಲಿಲ್ಲ, ಸಿಟ್ಟು ಬಂದರೆ ಬೀದಿಗೆಲ್ಲ ಕೇಳುತ್ತಿತ್ತು. ಮಾವನೇ ಅವಳಿಗೆ ಪಟಾಕಿ ಎಂದು ಹೆಸರಿಟ್ಟದ್ದು. ಸಂಜೆ ಅವರ ಸೈಕಲ್ಲು ತಿರುವಿನಲ್ಲಿ ಕಂಡರೆ ಸಾಕು, ಬೀದಿಯ ಆ ತುದಿಯಿಂದ "ಮಾವಾ" ಎಂದು ಎಳೆದು ಕೂಗುತ್ತ ಓಡಿ ಬರುತ್ತಿದ್ದಳು. ಆ ಕೂಗಿಗಾಗಿಯೇ ಮೇಷ್ಟ್ರು ಹತ್ತಿರದ ದಾರಿ ಬಿಟ್ಟು ಸುತ್ತಿ ಬರುತ್ತಿದ್ದರು.

ಗಂಡಸಿಲ್ಲದ ಮನೆಗೆ ಕಾವಲಿರಲಿ ಎಂದು ಅಕ್ಕನ ಮನೆಗೆ ಒಂದು ಕಪ್ಪು ನಾಯಿಯನ್ನು ತಂದುಕೊಟ್ಟವರೂ ಅವರೇ. ಅದಕ್ಕೆ ಇದ್ದಿಲು ಎಂದು ಕರೆಯುತ್ತಿದ್ದರು. ಒಳ್ಳೆಯ ನಾಯಿ, ಆದರೆ ತಟ್ಟೆಯ ಹತ್ತಿರ ಹುಡುಗಿ ಬಂದರೆ ಗುರ್ ಎನ್ನುತ್ತಿತ್ತು. ಮೇಷ್ಟ್ರು ಹದಿನೈದು ದಿನದಲ್ಲಿ ಪೇಪರು ಸುತ್ತಿ, ಬೆರಳೆತ್ತಿ, ಆ ಚಾಳಿ ಬಿಡಿಸಿದರು. ಒಂಬತ್ತು ವರ್ಷದ ಪಟಾಕಿಯೂ ಮಾವನ ಹಾಗೆಯೇ ಬೆರಳೆತ್ತಿ "ಸದ್ದು!" ಎಂದರೆ ಇದ್ದಿಲು ಕಿವಿ ಮಡಚಿ ಸುಮ್ಮನಾಗುತ್ತಿತ್ತು. ಮನೆಗೆ ಬಂದವರೆಲ್ಲ ಅದನ್ನು ಮಾಡಿಸಿ ನೋಡಿ ನಕ್ಕರು. ಮೂರು ತಿಂಗಳ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ತಟ್ಟೆಯ ಪಕ್ಕಕ್ಕೆ ಉರುಳಿದ ಚೆಂಡನ್ನು ಎತ್ತಿಕೊಳ್ಳಲು ಅವಳು ಬಗ್ಗಿದಳು. ಮೇಷ್ಟ್ರು ನಾಲ್ಕು ಹೆಜ್ಜೆ ದೂರದಲ್ಲಿ ಟೀ ಲೋಟ ಹಿಡಿದು ಕೂತಿದ್ದರು. ಸದ್ದೇ ಆಗಲಿಲ್ಲ. ಎಡಗಣ್ಣಿನ ಕೆಳಗಿಂದ ತುಟಿಯ ಅಂಚಿನವರೆಗೆ ಹನ್ನೊಂದು ಹೊಲಿಗೆ ಬಿತ್ತು.

ಆಸ್ಪತ್ರೆಯಲ್ಲಿ ಹುಡುಗಿ ಕಿರುಚುತ್ತಿದ್ದಾಗ ಮೇಷ್ಟ್ರು ಅವಳ ಕೈ ಹಿಡಿದು, ಶ್, ಸದ್ದು ಮಾಡಬಾರದು, ಜಾಣಮರಿ ಅಲ್ವಾ ಎಂದರು. ಅವಳು ನಿಜಕ್ಕೂ ಸುಮ್ಮನಾದಳು. ಅವರ ಜೊತೆ ಅವಳು ಮತ್ತೆ ಮಾತಾಡಲೇ ಇಲ್ಲ. ಅಕ್ಕ ಬಾಗಿಲಲ್ಲಿ ನಿಂತು, ನಿನ್ನನ್ನು ನಂಬಿ ಮಗುವನ್ನು ಬಿಟ್ಟೆ, ಇನ್ನು ನಮ್ಮ ಹೊಸಿಲು ತುಳಿಯಬೇಡ ಎಂದಳು. ತಿಂಗಳೊಳಗೆ ಭಾವ ಬಂದು ಇಬ್ಬರನ್ನೂ ಬಂದರಿನ ಊರಿಗೆ ಕರೆದುಕೊಂಡು ಹೋದರು.

ಇದ್ದಿಲನ್ನು ಸಾಯುವ ಸೂಜಿ ಚುಚ್ಚಿಸಲು ಕರೆದೊಯ್ದವರೂ ಮೇಷ್ಟ್ರೇ. ಆಟೋದಲ್ಲಿ ಅದು ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ಪಶು ಆಸ್ಪತ್ರೆಯ ಮುದಿ ಡಾಕ್ಟರು, ಕಚ್ಚುವ ಮೊದಲು ಗುರುಗುಟ್ಟಿತ್ತೇ ಎಂದು ಕೇಳಿದರು. ಮೊದಲು ಗುರುಗುಟ್ಟುತ್ತಿತ್ತು, ನಾನು ಬಿಡಿಸಿದೆ ಎಂದರು ಮೇಷ್ಟ್ರು.

"ಮನೆಗೆ ಬೆಂಕಿ ಬಿದ್ದಿದೆ ಅಂತ ಕೂಗಿದವನ ಬಾಯಿಗೆ ಬಟ್ಟೆ ತುರುಕಿದ್ಯಲ್ಲಯ್ಯಾ. ಕೂಗು ನಿಂತಿದ್ದಕ್ಕೆ ಬೆಂಕಿ ಆರಿತು ಅಂದ್ಕೊಂಡ್ಯಾ?"

ಮೇಷ್ಟ್ರು ಗೋದಾಮಿನ ಕೆಲಸ ಬಿಟ್ಟು, ಅದೇ ಡಾಕ್ಟರ ಹತ್ತಿರ ನಾಯಿ ಹಿಡಿದು ನಿಲ್ಲುವ ಆಳಾಗಿ ಸೇರಿಕೊಂಡರು. ಆರು ವರ್ಷ ನಾಯಿಗಳ ಕಿವಿ, ಬಾಲ, ಕಣ್ಣಿನ ಬಿಳಿ ನೋಡುವುದನ್ನು ಕಲಿತರು. ಸೀಮೆಸುಣ್ಣ ಜೇಬಿಗೆ ಬಂದದ್ದು ಆಮೇಲೆ.

ಆ ಭಾನುವಾರದಿಂದ ಹದಿನಾರು ವರ್ಷ ಹೀಗೆ ಹೋಯಿತು. ಮೇಷ್ಟ್ರ ಹೆಂಡತಿ ಮತ್ತು ಅಕ್ಕ ವರ್ಷಕ್ಕೆ ಒಂದೆರಡು ಸಲ ಫೋನಿನಲ್ಲಿ ಮಾತಾಡುತ್ತಿದ್ದರು. ಹೆಂಗಸರು ಬಾಗಿಲು ಹಾಕಿದರೂ ಕಿಟಕಿ ತೆರೆದಿಟ್ಟಿರುತ್ತಾರೆ. ಆ ಹೊತ್ತಿಗೆ ಸರಿಯಾಗಿ ಮೇಷ್ಟ್ರಿಗೆ ಪಕ್ಕದಲ್ಲೇ ಕೂತು ನಾಯಿ ಬೆಲ್ಟಿಗೆ ಹೊಲಿಗೆ ಹಾಕುವ ತುರ್ತು ಕೆಲಸ ಹುಟ್ಟುತ್ತಿತ್ತು. ಪಟಾಕಿ ಪಾಸಾದಳಂತೆ. ಎಕ್ಸ್‌ರೇ ತೆಗೆಯುವ ಕೆಲಸ ಕಲಿತಳಂತೆ. ಮದುವೆಯಾದಳಂತೆ. ಈಗ ಇದೇ ಊರಲ್ಲಿ ಗಂಡನ ಜೊತೆ ಇದ್ದಾಳಂತೆ. ಹೆಂಡತಿ ಒಮ್ಮೊಮ್ಮೆ ಫೋನನ್ನು ಇವರ ಕಡೆ ಚಾಚಿ, ನೀವೇ ಕೇಳಿ ಎನ್ನುತ್ತಿದ್ದಳು. ಕಚ್ಚುವ ನಾಯಿಯ ಮುಂದೆ ಕೂರುವ ಗಂಡಸು ಆ ಫೋನಿಗೆ ಹೆದರಿ ಎದ್ದುಹೋಗುತ್ತಿದ್ದರು. ಸಂತೆಯಲ್ಲಿ ಯಾವುದೋ ಮಗು ಯಾರನ್ನೋ ಮಾವ ಎಂದು ಕೂಗಿದರೆ ಐವತ್ತೆಂಟರ ಈ ಮನುಷ್ಯನ ಕತ್ತು ತಾನಾಗಿ ತಿರುಗುತ್ತಿತ್ತು. ಅವಳ ಬಾಯಲ್ಲಿ ಇನ್ನೊಂದು ಸಲ ಆ ಮಾತು ಕೇಳಿದರೆ ಸಾಕು ಎಂದು ಅವರಿಗಿತ್ತು. ಬೇರೆ ಆಸೆ ಅಂತ ಅವರಿಗೆ ಉಳಿದಿರಲಿಲ್ಲ.

ಹೊಸ ನಾಯಿ ಒಪ್ಪಿಕೊಳ್ಳುವ ಮೊದಲು ಮನೆಯವರು ಹನ್ನೆರಡು ಪ್ರಶ್ನೆಗಳ ಒಂದು ಹಾಳೆ ತುಂಬಿ ಕೊಡಬೇಕು. ಅದು ಮೇಷ್ಟ್ರ ಪದ್ಧತಿ. ಈಚೆಗೆ ಒಂದು ದಿನ ಪಶು ಆಸ್ಪತ್ರೆಯ ಈಗಿನ ಡಾಕ್ಟರಮ್ಮ ಅಂಥದೊಂದು ಹಾಳೆ ಕಳಿಸಿದರು. ನಾಯಿಯ ಹೆಸರು ಬಿಸ್ಕತ್ತು. ಗಂಡು, ಎರಡು ವರ್ಷ, ಬೀದಿಯಿಂದ ತಂದದ್ದು. ತಟ್ಟೆಯ ಹತ್ತಿರ ಯಾರನ್ನೂ ಬಿಡುವುದಿಲ್ಲ. ಮನೆಯ ಯಜಮಾನರ ಕೈಗೆ ಒಂದು ಸಲ ಹಲ್ಲು ತಾಗಿಸಿದೆ. ಈ ತಿಂಗಳೊಳಗೆ ಸರಿಹೋಗದಿದ್ದರೆ ಬೇರೆ ಕಡೆ ಬಿಡಬೇಕಾಗುತ್ತದೆ. ಒಂಬತ್ತನೇ ಪ್ರಶ್ನೆ, ಮನೆಯಲ್ಲಿ ಯಾರಿಗಾದರೂ ಹಿಂದೆ ನಾಯಿ ಕಚ್ಚಿದೆಯೇ ಎಂದು. ಅದರ ಕೆಳಗೆ ಗುಂಡಗಿನ ಅಕ್ಷರದಲ್ಲಿ ಬರೆದಿತ್ತು: ಹೌದು, ನನಗೆ. ಒಂಬತ್ತನೇ ವಯಸ್ಸಿನಲ್ಲಿ, ಕೆನ್ನೆಗೆ. ಗುರುಗುಟ್ಟದೆ ಕಚ್ಚಿತು.

ಮೇಷ್ಟ್ರು ಹಾಳೆಯನ್ನು ಹೆಂಡತಿಗೆ ಕೊಟ್ಟು ಗೋಡೆಗೆ ಒರಗಿ ಕೂತರು. ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಬೇಕೆಂದೇ ಕರೆದಳೋ, ಡಾಕ್ಟರಮ್ಮ ಹೇಳಿದರೆಂದು ಸುಮ್ಮನೆ ತುಂಬಿದಳೋ, ಇಲ್ಲಿ ಕೂತರೆ ಗೊತ್ತಾಗುವುದಿಲ್ಲ ಎಂದು ಹೇಳಿ ಅಂಗಿಗೆ ಇಸ್ತ್ರಿ ಹಾಕಲು ಎದ್ದಳು. ಲಿವರ್ ವಾಸನೆಯ ಚೀಲಕ್ಕೆ ಇಸ್ತ್ರಿ ಅಂಗಿ ಯಾಕೆಂದು ಮೇಷ್ಟ್ರು ಕೇಳಲಿಲ್ಲ.

ನಾಲ್ಕನೇ ಮಹಡಿ. ಬಾಗಿಲು ತೆರೆದದ್ದು ಅವಳೇ. ಉದ್ದ ಬೆಳೆದಿದ್ದಳು, ಅಕ್ಕನ ಹಣೆ, ಭಾವನ ಮೂಗು. ಎಡಗೆನ್ನೆಯ ಮೇಲೆ ಗಾಯದ ಗುರುತು ತೆಳ್ಳಗೆ ಬಿಳಿಚಿಕೊಂಡಿತ್ತು. ಅವಳು ಅವರನ್ನು ಒಂದು ಗಳಿಗೆ ನೋಡಿದಳು. ಗುರುತು ಸಿಕ್ಕಿತ್ತು, ಅದರಲ್ಲಿ ಅನುಮಾನವಿರಲಿಲ್ಲ.

"ಬನ್ನಿ ಸಾರ್," ಎಂದಳು.

ಹಲ್ಲಿಗಿಂತ ಆಳಕ್ಕೆ ಹೋಗುವ ಮಾತುಗಳಿರುತ್ತವೆ. ಆದರೂ ಮೇಷ್ಟ್ರು ಸುಮ್ಮನೆ ಒಳಗೆ ಹೋಗಿ, ಬಟ್ಟೆ ಒಣಹಾಕಿದ್ದ ಸ್ಟ್ಯಾಂಡಿನ ಪಕ್ಕ ಪಕ್ಕಕ್ಕೆ ತಿರುಗಿ ಕೂತರು. ಒಂದು ಕಿವಿ ಮಡಚಿದ ಕಂದು ನಾಯಿ ಅಡುಗೆಮನೆಯ ಬಾಗಿಲಿನಿಂದ ಅವರನ್ನು ನೋಡಿತು. ಮೊದಲ ದಿನದ ಗೆರೆ ತಟ್ಟೆಯಿಂದ ಹತ್ತು ಅಡಿ ದೂರಕ್ಕೆ ಬಿತ್ತು. ಅಂದರೆ ಅಡುಗೆಮನೆಯೇ ಬಿಸ್ಕತ್ತಿನ ಪಾಲಿಗೆ ಹೋಗಿ, ಅವಳು ಹಾಲ್‌ನಲ್ಲಿ ನಿಲ್ಲಬೇಕಾಯಿತು.

ಮೇಷ್ಟ್ರು ದಿನಾ ಹೋದರು. ಅವಳು ಒಳ್ಳೆಯ ವಿದ್ಯಾರ್ಥಿ. ಚಿಕ್ಕ ಪುಸ್ತಕದಲ್ಲಿ ಗೆರೆಯ ಅಳತೆ ಬರೆದಿಟ್ಟಳು, ಕೇಳಬೇಕಾದ್ದನ್ನು ಮಾತ್ರ ಕೇಳಿದಳು, ಟೀ ತಂದು ಅವರ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ಅಮ್ಮ ಹೇಗಿದ್ದಾಳೆ ಎಂಬ ಮಾತು ದಿನಾ ಮೇಷ್ಟ್ರ ನಾಲಿಗೆಯ ತುದಿಗೆ ಬಂದು ದಿನಾ ಒಳಗೆ ಹೋಯಿತು. ಹನ್ನೊಂದು ದಿನದಲ್ಲಿ ಸೀಮೆಸುಣ್ಣದ ಗೆರೆ ಹತ್ತು ಅಡಿಯಿಂದ ನಾಲ್ಕಕ್ಕೆ ಇಳಿಯಿತು. ಆದರೆ ಅವಳ ಸಾರ್ ಎಂಬುದು ಇದ್ದಲ್ಲಿಂದ ಒಂದು ಗೇಣೂ ಕದಲಲಿಲ್ಲ. ಮನೆಗೆ ಬಂದ ಮೇಲೆ ಹೆಂಡತಿ ಮುಖ ನೋಡಿಯೇ ತಿಳಿದುಕೊಂಡು, ನಾಯಿ ಹೇಗಿದೆ ಎಂದು ಮಾತ್ರ ಕೇಳುತ್ತಿದ್ದಳು.

ಹನ್ನೆರಡನೇ ದಿನ ಬಿಸ್ಕತ್ತಿಗೆ ಏನೋ ಕಿರಿಕಿರಿ. ಅವಳು ಗೆರೆಯ ಹತ್ತಿರ ಬಂದು ನಿಂತದ್ದೇ ತಡ, ತಟ್ಟೆಯ ಮೇಲಿನಿಂದ ಮುಖ ಎತ್ತದೆ ಗುರ್ ಎಂದಿತು. ಮೇಷ್ಟ್ರು ಹಿಂದೆ ಬನ್ನಿ ಎನ್ನುವಷ್ಟರಲ್ಲಿ ಅವಳ ಬಲಗೈ ಮೇಲೆದ್ದಿತು. ತೋರುಬೆರಳು ಕಿವಿಯ ಮಟ್ಟಕ್ಕೆ ಬಂದು ನಿಂತಿತು.

"ಸದ್ದು!"

ಅದೇ ಬೆರಳು, ಅದೇ ಎತ್ತರ, ಮಾತಿನ ಕೊನೆಯಲ್ಲಿ ಅದೇ ಕಡಿತ. ಬಿಸ್ಕತ್ತಿನ ಗಂಟಲು ಕಟ್ಟಿದ ಹಾಗೆ ನಿಂತುಹೋಯಿತು. ಕಿವಿ ತಲೆಗೆ ಅಂಟಿತು, ಮೈ ಮರದ ಹಾಗಾಯಿತು, ಕಣ್ಣಂಚಿನಲ್ಲಿ ಬಿಳಿ ಕಂಡಿತು. ಆ ಮೌನದ ಬೆಲೆ ಮೇಷ್ಟ್ರಿಗೆ ಗೊತ್ತಿತ್ತು. ಡಬ್ಬಿಯಲ್ಲಿದ್ದ ಲಿವರನ್ನೆಲ್ಲ ಬಾಚಿ ಅಡುಗೆಮನೆಯ ಆಚೆ ಮೂಲೆಗೆ ಎಸೆದರು. ನಾಯಿ ಒಂದು ಗಳಿಗೆ ಅನುಮಾನಿಸಿ ಅತ್ತ ಹೋಯಿತು.

"ಕೈ ಇಳಿಸು," ಎಂದರು ಮೇಷ್ಟ್ರು. ಹನ್ನೆರಡು ದಿನದಲ್ಲಿ ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಇದನ್ನು ಯಾವಾಗಿನಿಂದ ಮಾಡುತ್ತಿದ್ದೀಯ ಎಂದು ಕೇಳಿದರು. ಮೊದಲಿನಿಂದಲೂ ಎಂದಳು. ಮೇಷ್ಟ್ರಿದ್ದಾಗ ತಡೆದುಕೊಳ್ಳುತ್ತಿದ್ದಳಂತೆ, ಒಬ್ಬಳೇ ಇದ್ದಾಗ ಅದು ಗುರ್ ಎಂದರೆ ಎದೆ ಧಸಕ್ಕೆಂದು ಕೈ ತಾನಾಗಿ ಏಳುತ್ತಿತ್ತಂತೆ. ಚಿಕ್ಕವಳಿದ್ದಾಗ ಕಲಿತದ್ದು, ಬಿಡಲು ಬರುತ್ತಿಲ್ಲ ಎಂದಳು. ಯಾರಿಂದ ಕಲಿತದ್ದು ಎಂದು ಹೇಳಲಿಲ್ಲ. ನೆಲ ನೋಡುತ್ತ ನಿಂತಳು.

ತಾವು ಇಷ್ಟು ವರ್ಷ ಊರೂರು ಸುತ್ತಿ ಅಳಿಸುತ್ತ ಬಂದ ತಪ್ಪು ಇವಳ ಕೈಯಲ್ಲಿ ಮಾತ್ರ ಅಚ್ಚೊತ್ತಿದ ಹಾಗೆ ಉಳಿದುಬಿಟ್ಟಿದೆ ಎಂದು ಮೇಷ್ಟ್ರಿಗೆ ಅರಿವಾಯಿತು. ಬೇರೆ ಮನೆಯಾಗಿದ್ದರೆ ಗಾದೆ, ತಮಾಷೆ ಎಲ್ಲ ಸೇರಿಸಿ ಪಾಠ ಹೇಳುತ್ತಿದ್ದರು.

"ಕಲಿಸಿದವನು ತಪ್ಪು ಕಲಿಸ್ದ," ಎಂದರು. "ಇದ್ದಿಲು ಕೆಟ್ಟ ನಾಯಿ ಆಗಿರ್ಲಿಲ್ಲ ಕಣಮ್ಮಾ. ಹತ್ರ ಬರಬೇಡಿ ಅಂತ ಅದು ಹೇಳ್ತಾನೇ ಇತ್ತು. ನಾನೇ ಅದರ ಬಾಯಿ ಮುಚ್ಚಿಸ್ದೆ. ಆಮೇಲೆ ಆಸ್ಪತ್ರೇಲಿ ನಿನ್ನ ಬಾಯೂ ಮುಚ್ಚಿಸ್ದೆ."

ಅವಳ ಮಾತು ಹೊರಗೆ ಬಂತು. ಮೊದಲು ಸಣ್ಣ ದನಿಯಲ್ಲಿ, ಯಾರಿಗೋ ಲೆಕ್ಕ ಒಪ್ಪಿಸುವ ಹಾಗೆ. ಬರಬರುತ್ತ ದನಿ ಏರಿ ಪಕ್ಕದ ಮನೆಯ ಬಾಗಿಲು ತೆರೆದ ಸದ್ದಾಯಿತು. ಹದಿನಾರು ವರ್ಷದಿಂದ ಎಲ್ಲರೂ ಗಾಯದ ಗುರುತು ಕಾಣಿಸೋದೇ ಇಲ್ಲ ಬಿಡು ಎಂದೇ ಹೇಳಿದ್ದರಂತೆ. ಕಾಣಿಸುತ್ತದೆ ಎಂದು ಅವಳಿಗೆ ಗೊತ್ತಿತ್ತಂತೆ. ಪ್ರತಿ ಫೋಟೋದಲ್ಲೂ ಬಲಗೆನ್ನೆ ಮಾತ್ರ ತೋರಿಸಿ ನಿಲ್ಲುವುದನ್ನು ಕಲಿತಳಂತೆ. ನೋವು ಎಂದರೆ ಅಮ್ಮ ಅಳುತ್ತಾಳೆಂದು ನೋವು ಎನ್ನುವುದನ್ನೇ ಬಿಟ್ಟಳಂತೆ. ಮೊದಲ ವರ್ಷವಿಡೀ ಸಂಜೆ ಕಿಟಕಿಯಲ್ಲಿ ಕೂತು ಸೈಕಲ್ ಬೆಲ್ಲಿಗೆ ಕಿವಿಗೊಟ್ಟಳಂತೆ.

"ಅಮ್ಮ ಬರಬೇಡ ಅಂದ್ರೆ ಬರದೇ ಇದ್ದುಬಿಡೋದಾ?" ಎಂದು ಕೇಳಿದಳು. "ನನ್ನ ಮುಖ ನೋಡಕ್ಕಾಗದೆ ಬರ್ತಿಲ್ಲ ಅಂದ್ಕೊಂಡಿದ್ದೆ ನಾನು. ಅಷ್ಟು ಕೆಟ್ಟದಾಗಿದೆ ಅಂದ್ಕೊಂಡಿದ್ದೆ."

ಮೇಷ್ಟ್ರ ಹತ್ತಿರ ಉತ್ತರವಿತ್ತು. ಬಂದರಿನ ಊರಿಗೆ ಬಸ್ಸು ಹತ್ತಿ ಹೋಗಿ ಅವಳ ಶಾಲೆಯ ಎದುರಿನ ಅಂಗಡಿಯ ಮುಂದೆ ಮೂರು ಗಂಟೆ ನಿಂತು, ಬೆಲ್ಲು ಹೊಡೆಯುವ ಮೊದಲೇ ಹೆದರಿ ವಾಪಸು ಬಂದಿದ್ದರು. ಹೇಳಬಹುದಿತ್ತು. ಅಳಬೇಡ ಎನ್ನಬಹುದಿತ್ತು. ಶ್ ಎಂಬುದು ತುಟಿಯವರೆಗೂ ಬಂದಿತ್ತು; ನಾಲಿಗೆ ಕಚ್ಚಿಕೊಂಡರು. ಇಷ್ಟು ವರ್ಷಕ್ಕೆ ಪಟಾಕಿ ಸಿಡಿದಿದೆ, ಪೂರ್ತಿ ಸಿಡಿಯಲಿ ಎಂದು ಕೈ ಕೆಳಗೆ ಬಿಟ್ಟು ನಿಂತರು. ಅವರ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಅವಳ ಕಡೆಗೆ ತಾವು ಒಂದೊಂದೇ ಹೆಜ್ಜೆ ಇಡುತ್ತಿದ್ದೇವೆ ಎಂಬುದು ಅವರಿಗೇ ತಿಳಿದಿರಲಿಲ್ಲ. ಕಚ್ಚುವ ನಾಯಿಯ ಮನೆಯಲ್ಲಿ ಮೇಷ್ಟ್ರು ಹೀಗೆ ಮೈಮರೆತದ್ದು ಹಿಂದೆಂದೂ ಇಲ್ಲ.

ಬಿಸ್ಕತ್ತು ಬಂದು ಇಬ್ಬರ ನಡುವೆ ನಿಂತಿತು. ಬೆನ್ನಿನ ಕೂದಲು ನಿಮಿರಿತ್ತು. ಮೇಷ್ಟ್ರ ಕಾಲನ್ನೇ ನೋಡುತ್ತ ಎದೆಯ ಆಳದಿಂದ ಗುರ್ ಎಂದಿತು.

ಅವಳ ಕೈ ಮತ್ತೆ ಏಳಲು ಹೊರಟಿತು. ಅರ್ಧದಲ್ಲಿ ನಿಂತಿತು. ಅವಳು ಆ ಬೆರಳನ್ನು ಮಡಚಿ, ಮುಷ್ಟಿ ಮಾಡಿ, ಪಕ್ಕಕ್ಕೆ ಇಳಿಸಿದಳು.

"ಕೇಳಿಸ್ತು ಕಣೋ," ಎಂದಳು ನಾಯಿಗೆ.

ಆಮೇಲೆ ಮುಖ ಒರೆಸಿಕೊಳ್ಳದೆಯೇ ತಲೆಯೆತ್ತಿದಳು.

"ಮಾವ, ಹಿಂದೆ ಸರಿ. ಅವನಿಗೆ ತೀರಾ ಹತ್ರ ಬಂದ್ಬಿಟ್ಟಿದೀಯ."

ಮೇಷ್ಟ್ರು ಕೆಳಗೆ ನೋಡಿದರು. ಸೀಮೆಸುಣ್ಣದ ಗೆರೆ ಅವರ ಹಿಮ್ಮಡಿಯ ಹಿಂದಿತ್ತು. ಮೆಲ್ಲಗೆ, ಪಕ್ಕಕ್ಕೆ ತಿರುಗಿ, ಅದನ್ನು ದಾಟಿ ಹಿಂದಕ್ಕೆ ಬಂದರು.

"ಇನ್ನೊಂದು ಹೆಜ್ಜೆ, ಮಾವ," ಎಂದಳು.

ಮೇಷ್ಟ್ರು ಇನ್ನೊಂದು ಹೆಜ್ಜೆ ಹಿಂದೆ ಇಟ್ಟರು.